‘ಯಾರಿಗೆ ಬೇಡ’ ಎಂದೂ ಬರೆದ ಸುಭದ್ರಮ್ಮನವರು

ಕನ್ನಡ ಪತ್ರಿಕೆಗಳಲ್ಲಿ ಮನೆಮದ್ದಿನ ಅಂಕಣಗಳಿಗೆ ಕೊರತೆಯಿಲ್ಲ. ಆದರೆ ಶುಂಠಿ, ಮೆಣಸು, ಅರಿಶಿನಗಳ ಗುಣವನ್ನು ಹೇಳಿದಷ್ಟೇ ಗಂಭೀರವಾಗಿ ಅವುಗಳ ಮಿತಿಯನ್ನೂ ಹೇಳಿದವರು ವಿರಳ. ಹಲಸೂರಿನ ನಮ್ಮ ವಾರಪತ್ರಿಕೆಯಿಂದ ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀಮತಿ ಸುಭದ್ರಮ್ಮನವರು ಆ ವಿರಳರಲ್ಲಿ ಒಬ್ಬರು.

ರಾಯಚೂರು ಕಡೆಯಿಂದ ಬಂದು ಹೊಸ ತಿಪ್ಪಸಂದ್ರದ ಬಾಡಿಗೆ ಕೋಣೆಯಲ್ಲಿ ನೆಲೆಸಿದ ಅವರು ನಮ್ಮಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದರು. ಓದುಗರು ಕಳಿಸುತ್ತಿದ್ದ ಮನೆಮದ್ದುಗಳನ್ನು ತಿದ್ದುತ್ತ ತಿದ್ದುತ್ತ ಆ ಅಂಕಣವೇ ಅವರ ಪಾಲಿಗೆ ಬಂತು. ಮುಖಕ್ಕೋ ಕೂದಲಿಗೋ ಹಚ್ಚುವ ಯಾವುದನ್ನೂ ತಮ್ಮ ಮುಂಗೈಗೆ ಹಚ್ಚಿ ನೋಡದೆ ಅಚ್ಚಿಗೆ ಕೊಡುತ್ತಿರಲಿಲ್ಲ. ಮೆಂತ್ಯದ ಲೇಪ ಒಣಗಿದ ಕೈಯಲ್ಲೇ ಸಂಪಾದಕೀಯ ಸಭೆಗೆ ಬರುತ್ತಿದ್ದರು. ನನಗೆ ಕೆಮ್ಮು ಹಿಡಿದಾಗ ಕಷಾಯ ಮಾಡಿ ತಂದವರು ಅವರು. ಎರಡು ವಾರ ದಾಟಿದರೂ ಕೆಮ್ಮು ಬಿಡದಿದ್ದಾಗ ಕಷಾಯ ನಿಲ್ಲಿಸಿ ಆಸ್ಪತ್ರೆಗೆ ಕಳಿಸಿದವರೂ ಅವರೇ.

ತಮ್ಮ ಕೈಗೆ ಹಚ್ಚಿ ನೋಡುವ ಪದ್ಧತಿಯಲ್ಲೊಂದು ದೋಷವಿತ್ತು. ಅದು ಗೊತ್ತಾದದ್ದು ನಮ್ಮ ಪುಟವಿನ್ಯಾಸಕಿ ಮೆಹ್ವಿಶ್ ಅವರ ಮದುವೆಯ ವಾರದಲ್ಲಿ. ಮೊಡವೆಗೆ ದಾಲ್ಚಿನ್ನಿ ಪುಡಿ ಮತ್ತು ಜೇನುತುಪ್ಪದ ಲೇಪ ಎಂದು ಅಂಕಣದಲ್ಲಿ ಬಂದಿತ್ತು. ಸುಭದ್ರಮ್ಮನವರ ಕೈಗೆ ಅದು ಏನೂ ಮಾಡಿರಲಿಲ್ಲ; ಮೆಹ್ವಿಶ್ ಅವರ ಕೆನ್ನೆಗಳು ಕೆಂಪಗೆ ಊದಿಕೊಂಡವು. ಸುದ್ದಿ ತಿಳಿದ ಕೂಡಲೇ ಸುಭದ್ರಮ್ಮನವರು ಶಿವಾಜಿನಗರದ ಅವರ ಮನೆಗೆ ಹೊರಟರು. ಜೊತೆಗೆ ನಾನಿದ್ದೆ.

“ನೀವು ಬರ್ದಿದ್ದೇ ನೋಡ್ಕೊಂಡು ಹಚ್ಚಿದ್ವಿ ಅಮ್ಮಾ,” ಎಂದರು ಮೆಹ್ವಿಶ್ ಅವರ ತಾಯಿ ಶಮೀಮ್. “ನಾಳೆ ಹಲ್ದಿ, ಶುಕ್ರವಾರ ನಿಕಾಹ್. ಈಗ ಇದಕ್ಕೇನು ಹಚ್ಬೇಕು, ಅದನ್ನೂ ನೀವೇ ಹೇಳ್ಬಿಡಿ.”

“ಏನೂ ಹಚ್ಚಬ್ಯಾಡ್ರಿ, ಅಕ್ಕಾ,” ಎಂದರು ಸುಭದ್ರಮ್ಮನವರು. “ತಪ್ಪು ನಂದೈತ್ರಿ. ಚರ್ಮದ ಡಾಕ್ಟರ್ ಕಡೆ ಹೋಗೂಣು, ನಡೀರಿ.”

ಮೆಹ್ವಿಶ್ ದುಪಟ್ಟದಲ್ಲಿ ಮುಖ ಮುಚ್ಚಿಕೊಂಡೇ, “ಮೇಡಂ, ಫೋಟೋದಲ್ಲಿ ಟೊಮ್ಯಾಟೊ ಥರ ಬಂದ್ರೆ ಕ್ಯಾಪ್ಷನ್ ನೀವೇ ಬರೀಬೇಕು,” ಎಂದರು.

ವೈದ್ಯರು ಮುಲಾಮು ಕೊಟ್ಟು, ಮುಖಕ್ಕೆ ಬೇರೇನೂ ತಾಗಬಾರದೆಂದರು. ಮುಖಕ್ಕೆ ಅರಿಶಿನ ಹಚ್ಚದೆ ಅದೆಂಥ ಹಲ್ದಿ ಎಂದು ಹಿರಿಯ ಹೆಂಗಸರು ಗೊಣಗಿದರು. ಮರುದಿನ ಸುಭದ್ರಮ್ಮನವರು ಮದುಮಗಳ ಪಕ್ಕದಲ್ಲೇ ಕೂತು, ಅರಿಶಿನ ಹಿಡಿದು ಬಂದ ಪ್ರತಿ ಕೈಯನ್ನೂ ಕೆನ್ನೆಯಿಂದ ತಪ್ಪಿಸಿ ಅಂಗೈಗೆ, ಪಾದಕ್ಕೆ ತಿರುಗಿಸಿದರು. ಶುಕ್ರವಾರದ ಹೊತ್ತಿಗೆ ಊತ ಇಳಿದಿತ್ತು, ಎಡಗೆನ್ನೆಯಲ್ಲೊಂದು ಕಲೆ ಉಳಿದಿತ್ತು. ಮದುವೆ ನಡೆಯಿತು.

ಮುಂದಿನ ವಾರ ಅಂಕಣದ ಪೂರ್ತಿ ಜಾಗದಲ್ಲಿ ತಿದ್ದುಪಡಿ ಬಂತು: ‘ನನ್ನ ಚರ್ಮಕ್ಕೆ ಒಗ್ಗಿದ್ದು ಎಲ್ಲರಿಗೂ ಒಗ್ಗುತ್ತದೆಂದು ನಂಬಿದ್ದೆ.’ ಅಲ್ಲಿಂದಾಚೆ ಪ್ರತಿ ಮದ್ದಿನ ಕೊನೆಗೂ ‘ಯಾರಿಗೆ ಬೇಡ’ ಎಂಬ ಸಾಲು ಸೇರಿತು. ಆ ಸಾಲಿಗಾಗಿ ಅವರು ವೈದ್ಯರಿಗೆ ಫೋನು ಮಾಡಿ ಕಾಯುತ್ತಿದ್ದರು. ಉತ್ತರ ಬಾರದಿದ್ದರೆ ಮದ್ದನ್ನೇ ಕೈಬಿಡುತ್ತಿದ್ದರು.

ಸುಭದ್ರಮ್ಮನವರ ಬೀಳ್ಕೊಡುಗೆಗೆಂದು ತರುತ್ತಿರುವ ಈ ಸಂಪುಟದ ಪುಟಗಳನ್ನು ವಿನ್ಯಾಸ ಮಾಡುತ್ತಿರುವವರು ಮೆಹ್ವಿಶ್. ಈ ಲೇಖನದ ಪಕ್ಕಕ್ಕೆ ತಮ್ಮ ನಿಕಾಹ್‌ನ ಚಿತ್ರ ಇಟ್ಟಿದ್ದಾರೆ, ಸುಭದ್ರಮ್ಮನವರೂ ಅದರಲ್ಲಿದ್ದಾರೆ. ಕೆನ್ನೆಯ ಕಲೆಯನ್ನು ಅಳಿಸಿಲ್ಲ. ನಾನಿದನ್ನು ಬರೆಯುವ ಹೊತ್ತಿಗೆ ಚಿತ್ರದ ಕೆಳಗೆ ಕ್ಯಾಪ್ಷನ್‌ನ ಜಾಗ ಖಾಲಿಯಿದೆ. “ಅದು ಮೇಡಂದು ಸರ್. ಬರ್ಕೊಡೋವರ್ಗೂ ಪುಟ ಪ್ರೆಸ್‌ಗೆ ಹೋಗಲ್ಲ,” ಎನ್ನುತ್ತಾರೆ.

ಸುಭದ್ರಮ್ಮನವರು ದೀರ್ಘಕಾಲ ಆರೋಗ್ಯದಿಂದಿರಲಿ, ಮನೆಯಲ್ಲಿ ಕೂತೇ ಅಂಕಣವನ್ನು ಮುಂದುವರಿಸಲಿ. ಅದಕ್ಕೂ ಮೊದಲು, ಬಾಕಿ ಇರುವ ಆ ಒಂದು ಸಾಲನ್ನು ಬರೆದುಕೊಡಲಿ.