ನೀಲಿ ಹಾಕಿ ತೊಳೆದ ಕುದುರೆ

ಮೊನ್ನೆ ಶನಿವಾರ ಸಂಜೆ ನೀಲಿಯ ಬಾಟಲಿ ಕೈಜಾರಿತು. ಮರುದಿನ ಚರ್ಚಿನಲ್ಲಿ ಪ್ರಭುಭೋಜನ, ಉಡಬೇಕಾದ ಬಿಳಿ ಸೀರೆಯನ್ನು ಬಕೆಟ್ಟಿನಲ್ಲಿ ಅದ್ದಲು ಕೂತಿದ್ದೆ. ಬಿರಡೆ ಸಡಿಲಾಗಿತ್ತೋ ಏನೋ, ಅರ್ಧ ಬಾಟಲಿ ಅಂಗೈ ಮೇಲೆಯೇ ಸುರಿಯಿತು. ಸೋಪು ಹಚ್ಚಿ ತಿಕ್ಕಿದೆ, ಬಟ್ಟೆ ಒಗೆಯುವ ಕಲ್ಲಿಗೆ ಉಜ್ಜಿದೆ. ಚರ್ಮದ ಮೇಲಿನ ಬಣ್ಣ ಹೋಯಿತು, ಉಗುರಿನ ಸಂದಿಯಲ್ಲಿ ಸೇರಿಕೊಂಡದ್ದು ಹೋಗಲಿಲ್ಲ. ಆ ಉಗುರುಗಳನ್ನು ನೋಡುತ್ತ ಕೂತವಳಿಗೆ ಕಾಕು ನೆನಪಾದರು... ಕಾಕು ಮತ್ತು ಅವರ ಬಿಳಿ ಕುದುರೆ.

ಆಗ ನಾನು ಬೀದರಿನಲ್ಲಿ, ಅಷ್ಟೂರಿಗೆ ಹೋಗುವ ದಾರಿಯ ಕಡೆಗಿನ ಒಂದು ಓಣಿಯಲ್ಲಿ ಬಾಡಿಗೆಗಿದ್ದೆ. ಖಾಸಗಿ ಶಾಲೆಯಲ್ಲಿ ಟೀಚರ್ ಕೆಲಸ. ನನ್ನ ಗೋಡೆಗೆ ಗೋಡೆ ಹತ್ತಿದ ಮನೆ ಅವರದು. ನಮ್ಮ ಕಡೆ ಚಿಕ್ಕಮ್ಮನ ವಯಸ್ಸಿನವರನ್ನು ಕಾಕು ಅನ್ನುತ್ತೇವೆ, ಓಣಿಗೆಲ್ಲ ಅವರು ಕಾಕುವೇ. ಅವರ ಯಜಮಾನರು ಮದುವೆ ಮೆರವಣಿಗೆಗೆ ಕುದುರೆ ಕೊಡುವವರಾಗಿದ್ದರು. ಭಾಲ್ಕಿ, ಔರಾದ, ಎಲ್ಲಿಂದ ಕರೆ ಬಂದರೂ ಗಂಡ ಹೆಂಡತಿ ಇಬ್ಬರೂ ಕುದುರೆಯ ಜೊತೆ ಟೆಂಪೋ ಹತ್ತಿ ಹೋಗುತ್ತಿದ್ದರಂತೆ. ನಾನು ಆ ಓಣಿಗೆ ಬರುವ ಮೊದಲೇ ಯಜಮಾನರು ಎದೆನೋವಿನಿಂದ ತೀರಿಕೊಂಡಿದ್ದರು. ಕುದುರೆ ಉಳಿದಿತ್ತು. ಮೈನಾ ಅಂತ ಅದರ ಹೆಸರು.

ಮೈನಾಗೆ ಒಂದು ಹಟ. ಲಗಾಮು ಕಾಕುವಿನ ಕೈಯಲ್ಲಿದ್ದರಷ್ಟೇ ಹೆಜ್ಜೆ ಕೀಳುವುದು. ಬೇರೆ ಯಾರು ಹಿಡಿದರೂ ಕತ್ತು ಎತ್ತಿ ಒಗೆದು ಹಿಂದೆ ಸರಿಯುತ್ತಿತ್ತು. ಇದು ಮುದ್ದಿನ ಮಾತಾಗಿ ಕೇಳಿಸಬಹುದು, ಆದರೆ ಕಾಕುವಿನ ಕಷ್ಟವೆಲ್ಲ ಹುಟ್ಟಿದ್ದು ಅಲ್ಲಿಂದಲೇ. ಯಜಮಾನರು ಹೋದ ಮೇಲೆ ಚಿಂತಾಕಿಯಿಂದ ಒಂದು ಮದುವೆಗೆ ಕರೆ ಬಂತು. ಕಾಕು ತಾವೇ ಲಗಾಮು ಹಿಡಿದು ಹೋದರು. ಮದುಮಗನ ಅಜ್ಜಿ ಕಾಕುವಿನ ಹಣೆ ನೋಡಿದಳು. ವಿಭೂತಿ ಇದೆ, ಕುಂಕುಮವಿಲ್ಲ. "ಗಂಡ ಸತ್ತಾಕಿ ಹಿಡಿದ ಕುದುರಿ ಮ್ಯಾಲ ನಮ್ಮ ಹುಡುಗ ಏರಂಗಿಲ್ಲ," ಅಂದುಬಿಟ್ಟಳು. ಮದುಮಗ ಜೀಪಿನಲ್ಲಿ ಮೆರೆದ, ಕುದುರೆ ಬಂದ ದಾರಿಯಲ್ಲೇ ವಾಪಸಾಯಿತು. ಕೆಟ್ಟ ಸುದ್ದಿಗೆ ಟೆಂಪೋ ಬೇಡ. ಕಾಕು ಮನೆ ಮುಟ್ಟುವ ಮೊದಲೇ ಅದು ಓಣಿ ಮುಟ್ಟಿತ್ತು, ಆಮೇಲೆ ಯಾರೂ ಕರೆಯಲಿಲ್ಲ.

ಈ ಕಥೆಯನ್ನು ಕಾಕು ನನಗೆ ಅತ್ತು ಹೇಳಲಿಲ್ಲ. ಕುದುರೆಯ ಜೂಲು ಬಾಚುತ್ತ ಹೇಳಿದರು. "ನಮ್ಮ ಧರ್ಮದಾಗ ಸೂತಕ ಇಲ್ಲ ಅಂತಾರ್ರಿ ಟೀಚರಬಾಯಿ. ಮಠದಾಗ ಇಲ್ಲ, ಮಂಟಪದಾಗ ಅದ."

ಆ ಮನೆಯಲ್ಲಿ ಇನ್ನೊಬ್ಬರಿದ್ದದ್ದು ಅವರ ಮೈದುನ, ಊರ ಹೊರಗಿನ ಕೊಳಾರದ ಗೋದಾಮಿನಲ್ಲಿ ಕೆಲಸ. ಕೆಟ್ಟವನೇನಲ್ಲ, ಆದರೆ ಅವನಿಗೆ ಕುದುರೆ ಅಂದರೆ ಮೇವು ತಿನ್ನುವ ಬಾಯಿ, ಅಷ್ಟೇ. "ವೈನಿ, ದುಡಿಯದ ಜೀವಕ್ಕ ಎಷ್ಟಂತ ಹಾಕೋದು? ಈ ಲಗ್ನಸರಾಯಿ ಮುಗಿಯೋದ್ರಾಗ ಒಂದರೆ ಮದಿವಿ ಬರಲಿಲ್ಲಂದ್ರ ಮಾರಿಬಿಡೋಣು," ಅಂದಿದ್ದ. ಲಗ್ನಸರಾಯಿ ಅಂದರೆ ಮದುವೆಗಳ ಹಂಗಾಮು. ಅಷ್ಟರೊಳಗೆ ಯಾರಾದರೊಬ್ಬರು ಕರೆಯಬೇಕು, ಇಲ್ಲದಿದ್ದರೆ ಮೈನಾ ಹೋಗುತ್ತದೆ. ಕಾಕುವಿನ ಎದೆಯಲ್ಲಿ ಆ ದಿನಗಳಲ್ಲಿ ಇದ್ದದ್ದು ಅದೊಂದೇ ಚಿಂತೆ.

ಫೋಟೋದ ಯೋಚನೆ ಕಾಕುವಿನದೇ. ಒಂದು ದಿನ ನನ್ನ ಮೊಬೈಲಿನಲ್ಲಿ ಭಾಲ್ಕಿಯ ಯಾವುದೋ ಕುದುರೆಯ ಫೋಟೋ ಕಂಡರು. ಕಿವಿ ನಿಮಿರಿಸಿ, ಜೂಲು ಹಾರಿಸಿಕೊಂಡು ಮಹಾರಾಜನ ಹಾಗೆ ನಿಂತ ಕುದುರೆ. "ಇದರ ಮುಂದ ನಮ್ಮಕಿ ಏನ್ ಕಡಿಮಿ ಅದಾಳ್ರಿ? ಹಿಂಗ ಒಂದು ತೆಗಸ್ರಿ," ಅಂದರು. ಆ ಫೋಟೋ ತೆಗೆದವನು ಭಾಲ್ಕಿಯ ಒಬ್ಬ ಫೋಟೋಗ್ರಾಫರ್. ಅವನನ್ನು ಹಿಡಿಯುವುದೇನು ಸುಲಭವಾಗಲಿಲ್ಲ. ಮದುವೆ ಹಂಗಾಮಿನಲ್ಲಿ ಅವನಿಗೆ ಬೆಳಗಾದರೆ ಹಳದಿ ಶಾಸ್ತ್ರ, ಸಂಜೆಯಾದರೆ ಆರತಕ್ಷತೆ. ನಾನು ಶಾಲೆಯ ಬಿಡುವಿನಲ್ಲಿ ಫೋನು ಹಚ್ಚಿ ಹಚ್ಚಿ ಸಾಕಾದಾಗ ಎರಡು ಮದುವೆಗಳ ನಡುವಿನ ಒಂದು ಬೆಳಗು ಕೊಟ್ಟ.

ಹಿಂದೆಯೇ ಅವನ ದನಿಯ ಮೆಸೇಜು ಬಂತು. "ನೋಡ್ರಿ ಮೇಡಮ್, ಕುದುರಿ ಫೋಟೋ ಅಂದ್ರ ಮಂದಿ ಫೋಟೋ ಇದ್ಹಂಗ ಅಲ್ರಿ. ನಗು ಅಂದ್ರ ನಗಂಗಿಲ್ಲ. ಮೈ ಹಿಂದಿನ ದಿನಾನೇ ತೊಳೀರಿ, ಗೊರಸಿಗಿ ಎಣ್ಣಿ ಹಚ್ರಿ. ಮೊದಲು ಸಾದಾ ಲಗಾಮಿನ ಮ್ಯಾಲ ತೆಗೀತೇನಿ, ಶೃಂಗಾರ ಆಮ್ಯಾಲ. ನನ್ನ ಹಿಂದ ಒಬ್ಬರು ಕಾಳಿನ ಡಬ್ಬಿ ಅಲ್ಲಾಡಸ್ಬೇಕು, ಅಂದ್ರ ಕಿವಿ ಮುಂದ ಬರ್ತಾವ. ಮತ್ತ ಛತ್ರಿ ರೂಢಿ ಮಾಡಸ್ರಿ, ನನ್ನ ಬೆಳಕಿನ ಛತ್ರಿಗಿ ಬೆದರಬಾರದು." ಈ ಮೆಸೇಜನ್ನು ಕಾಕು ಮತ್ತೆ ಮತ್ತೆ ಹಾಕಿಸಿ ಕೇಳಿದರು. ಕನ್ನಡಿ, ಕುಚ್ಚು, ಬೆನ್ನಿಗೆ ಹೊದಿಸುವ ಜರಿಯ ಜೂಲ ಎಲ್ಲ ಟ್ರಂಕಿನಿಂದ ತೆಗೆದು ಇಟ್ಟಿದ್ದವರಿಗೆ ಸಾದಾ ಲಗಾಮಿನ ಮಾತು ಹಿಡಿಸಲಿಲ್ಲ. ಹೆಣ್ಣು ನೋಡಲು ಬಂದವರ ಮುಂದೆ ಬರಿಗೊರಳಲ್ಲಿ ಕೂಡಿಸಿದ ಹಾಗಾಯಿತು ಎಂದು ಗೊಣಗಿದರು.

ಛತ್ರಿಯ ಕೆಲಸ ನನ್ನ ಪಾಲಿಗೆ ಬಂತು. ದಿನಾ ಸಂಜೆ ಶಾಲೆಯಿಂದ ಬಂದು ಕುದುರೆಯ ಮುಂದೆ ನಿಂತು ಛತ್ರಿ ಬಿಚ್ಚುವುದು, ಮುಚ್ಚುವುದು. ನೆತ್ತಿ ಸುಡುವ ಬೇಸಿಗೆಯಲ್ಲಿ, ಮೋಡದ ಚೂರೂ ಇಲ್ಲದ ಆಕಾಶದ ಕೆಳಗೆ ಒಬ್ಬ ಟೀಚರು ಕುದುರೆಗೆ ಛತ್ರಿಯ ಪಾಠ ಮಾಡುತ್ತಿದ್ದರೆ ಓಣಿ ಸುಮ್ಮನಿರುತ್ತದೆಯೇ? ಕಟ್ಟೆಯ ಮೇಲಿನವರು ನಕ್ಕದ್ದೇ ನಕ್ಕದ್ದು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಮೈನಾ ಮಾತ್ರ ಬೇಗ ಕಲಿಯಿತು. ಕೊನೆಕೊನೆಗೆ ಛತ್ರಿ ಬಿಚ್ಚಿದರೆ ಆಕಳಿಸುತ್ತಿತ್ತು.

ಹಿಂದಿನ ದಿನದ ಸ್ನಾನದಲ್ಲಿ ಎಡವಟ್ಟಾಯಿತು. ಅಂಟವಾಳದ ನೊರೆಯಲ್ಲಿ ತಿಕ್ಕಿ ತೊಳೆದ ಮೇಲೂ ಕಾಕುವಿನ ಕಣ್ಣಿಗೆ ಬಾಲದ ಬುಡ ಹಳದಿಯಾಗಿಯೇ ಕಂಡಿತು. ಬಿಳಿ ಅಂಗಿಗೆ ನೀಲಿ ಹಾಕುವುದಿಲ್ಲವೇ? ಕುದುರೆಗೂ ಕೊನೆಯ ನೀರಿಗೆ ನಾಲ್ಕು ಹನಿ ಹಾಕುತ್ತಿದ್ದದ್ದು ಅವರ ಯಜಮಾನರ ಪದ್ಧತಿ. ಅವತ್ತು ಕಾಕುವಿಗೆ ನಾಲ್ಕು ಹನಿ ಸಾಲದೆನ್ನಿಸಿ ಬಾಟಲಿಯನ್ನೇ ಬಗ್ಗಿಸಿದರು. ನಾನು ಶಾಲೆಯಿಂದ ಬರುವ ಹೊತ್ತಿಗೆ ಅಂಗಳದಲ್ಲಿ ತಿಳಿನೀಲಿ ಕುದುರೆಯೊಂದು ನಿಂತಿತ್ತು. ನನಗೆ ನಗು ತಡೆಯಲಾಗಲಿಲ್ಲ. ಕಾಕು ಮೊದಲು ಬೈದರು, ಆಮೇಲೆ ತಾವೂ ನಕ್ಕರು, ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. ಕತ್ತಲಾಗುವವರೆಗೂ ಕೊಡ ಕೊಡ ನೀರು ಹೊತ್ತು ಹಾಕಿ ಇಬ್ಬರೂ ಸೇರಿ ಅದನ್ನು ಬಿಳಿ ಮಾಡಿದೆವು. ಕುದುರೆಯ ನೀಲಿ ಹೋಯಿತು, ಕಾಕುವಿನ ಉಗುರಿನದು ಹೋಗಲಿಲ್ಲ.

ಬೆಳಿಗ್ಗೆ ಅಷ್ಟೂರಿನ ದಾರಿ ಬದಿಯ ಒಂದು ಖಾಲಿ ಹೊಲದಲ್ಲಿ ಸೇರಿದೆವು. ದೂರದಲ್ಲಿ ಗುಮ್ಮಟಗಳು, ಕಾಲಕೆಳಗೆ ಕೆಂಪು ಮಣ್ಣು, ಎಳೆ ಬಿಸಿಲು. ಲಗಾಮು ಹಿಡಿಯುವುದು ಮೈದುನ ಎಂದು ಮನೆಯಲ್ಲೇ ಮಾತಾಗಿತ್ತು. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಕಾಕುವಿನ ಪಾಲಿಗೆ ಇದ್ದದ್ದು ಕ್ಯಾಮೆರಾದ ಹಿಂದೆ ನಿಂತು ಕಾಳಿನ ಡಬ್ಬಿ ಅಲ್ಲಾಡಿಸುವ ಕೆಲಸ. ಆದರೆ ಅವರು ಇಳಕಲ್ ಸೀರೆ ಉಟ್ಟಿದ್ದರು, ಟ್ರಂಕಿನ ಅಡಿಯದು, ಮಡಿಕೆಯ ಗೆರೆ ಇನ್ನೂ ಬಿಟ್ಟಿರಲಿಲ್ಲ. ಡಬ್ಬಿ ಅಲ್ಲಾಡಿಸುವುದಕ್ಕೆ ಯಾರು ಇಳಕಲ್ ಸೀರೆ ಉಡುತ್ತಾರೆ?

ಮೈನಾ ಮೈದುನನ ಕೈಯಲ್ಲಿ ನಿಲ್ಲಲಿಲ್ಲ. ಕತ್ತು ಒಗೆಯಿತು, ಹಿಂದೆ ಸರಿಯಿತು, ಅವನ ಇಸ್ತ್ರಿಯ ಅಂಗಿಗೆ ಜೊಲ್ಲು ಬಳಿಯಿತು. ಬಿಸಿಲು ಏರುತ್ತಿತ್ತು. ಫೋಟೋಗ್ರಾಫರ್ ಗಡಿಯಾರ ನೋಡಿಕೊಂಡು, "ಕಾಕು, ನೀವೇ ಬರ್ರಿ," ಅಂದ. ಕಾಕು ಡಬ್ಬಿ ನನ್ನ ಕೈಗಿಟ್ಟು, ಸೆರಗು ಸರಿ ಮಾಡಿಕೊಂಡು ಹೋದರು. ಲಗಾಮು ಅವರ ಕೈಗೆ ಬಂದದ್ದೇ ತಡ, ಮೈನಾ ನಾಲ್ಕೂ ಕಾಲು ಊರಿ ನಿಂತುಬಿಟ್ಟಿತು. ನಾನು ಡಬ್ಬಿ ಅಲ್ಲಾಡಿಸಿದೆ, ಕಿವಿಗಳು ಮುಂದೆ ಬಂದವು. ಇಬ್ಬರೂ ಎಷ್ಟು ಚೆಂದ ಕಾಣುತ್ತಿದ್ದರೆಂದರೆ ಫೋಟೋಗ್ರಾಫರ್ ಕೂಡ ಒಂದು ಕ್ಷಣ ಕ್ಯಾಮೆರಾ ಇಳಿಸಿ ಬರಿಗಣ್ಣಿನಿಂದ ನೋಡಿದ.

ಆಮೇಲೆ ಕ್ಯಾಮೆರಾದ ಪರದೆಯ ಮೇಲೆ ತಲೆಗಳು ಬಗ್ಗಿದವು. "ಫೋಟೋದಾಗ ವೈನಿ ಇದ್ರ ಯಾರ್ ಕರೀತಾರ?" ಅಂದ ಮೈದುನ. ಎಡಿಟ್ ಮಾಡಿ ತೆಗೆಯಬಹುದು ಎಂದ ಫೋಟೋಗ್ರಾಫರ್. ನಾನು ಜಗಳಕ್ಕೇ ನಿಂತೆ. ಕುದುರೆ ನಿಂತಿರುವುದೇ ಅವರಿಂದ, ಅವರನ್ನೇ ಅಳಿಸುವುದು ಯಾವ ನ್ಯಾಯ ಎಂದು ಕೂಗಾಡಿದೆ. ಕಾಕು ನನ್ನ ತೋಳು ಹಿಡಿದು ಸುಮ್ಮನಿರಿಸಿದರು.

"ನನ್ನ ತಗದ್ ಹಾಕು ತಮ್ಮಾ," ಅಂದರು. "ಅಕಿ ಉಳೀಲಿ."

ಶೃಂಗಾರ ಹಾಕಿ ತೆಗೆಯಲು ಹೊತ್ತು ಉಳಿಯಲಿಲ್ಲ, ಫೋಟೋಗ್ರಾಫರ್ ಮುಂದಿನ ಮದುವೆಗೆ ಓಡಿದ. ಫೋಟೋ ಬಂತು. ಕೆಂಪು ನೆಲ, ಗುಮ್ಮಟಗಳು, ಒಂಟಿ ಬಿಳಿ ಕುದುರೆ. ದವಡೆಯ ಹತ್ತಿರ ಲಗಾಮಿಗೆ ಸುತ್ತಿಕೊಂಡಿದ್ದ ಕಾಕುವಿನ ಬೆರಳುಗಳು ಮಾತ್ರ ಉಳಿದಿದ್ದವು. ಫೋಟೋಗ್ರಾಫರನ್ನು ಕೇಳಿದರೆ, "ಬೆರಳು ತೆಗೆದ್ರ ಲಗಾಮೂ ಹೋಗ್ತದ್ರಿ ಮೇಡಮ್. ಅಷ್ಟು ಸಣ್ಣದು ಯಾರ್ ನೋಡ್ತಾರ ಬಿಡ್ರಿ," ಅಂದ. ಫೋಟೋದ ಕೆಳಗೆ ಮೈದುನನ ನಂಬರು ಹಾಕಿದರು. ಮದುವೆ ಮನೆಯವರು ಗಂಡ ಸತ್ತವಳ ದನಿ ಕೇಳಿದರೂ ಫೋನು ಇಟ್ಟುಬಿಡುತ್ತಾರೆಂದು ಕಾಕುವೇ ಒಪ್ಪಿದ್ದರು. ಫೋಟೋ ಬೀದರ, ಭಾಲ್ಕಿ, ಔರಾದ ದಾಟಿ ಮೊಬೈಲಿನಿಂದ ಮೊಬೈಲಿಗೆ ಓಡಿತು. ಕಾಕು ದಿನಾ ಸಂಜೆ ಮೈದುನ ಬರುವುದನ್ನೇ ಕಾಯುತ್ತಿದ್ದರು. "ಯಾರರೆ ಕರೆದ್ರೇನು?"

ಕರೆದರು. ಗಡಿಯ ಆಚೆಯಿಂದ, ಮಹಾರಾಷ್ಟ್ರದ ಒಬ್ಬ ವ್ಯಾಪಾರಿ. ಮದುವೆಗಲ್ಲ. ಸಾದಾ ಲಗಾಮು, ಪಕ್ಕದಲ್ಲಿ ಮನುಷ್ಯರಿಲ್ಲ, ಕೆಳಗೊಂದು ನಂಬರು. ಕುದುರೆ ಮಾರುವವರು ಹಾಕುವ ಫೋಟೋ ಹಾಗೆಯೇ ಇರುತ್ತದಂತೆ. ಮಾರಾಟಕ್ಕಿದೆಯೇ ಎಂದು ಅವನು ಕೇಳಿದ. ಮೈದುನ ಇದೆ ಅಂದ. ಹಂಗಾಮು ಇನ್ನೂ ಮುಗಿದಿರಲಿಲ್ಲ. ಮೈನಾ ಉಳಿಯಲಿ ಎಂದು ತೆಗೆಸಿದ ಫೋಟೋವೇ ಮೈನಾವನ್ನು ಮಾರಿತು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ಟೆಂಪೋ ಬಂದ ಮಧ್ಯಾಹ್ನ ಕಾಕು ಹೊರಗೆ ಬರಲಿಲ್ಲ. ನಾಲ್ಕು ಜನ ಗಂಡಸರು ಎಳೆದರು, ನೂಕಿದರು. ಮೈನಾ ಹಲಗೆಯ ಮೇಲೆ ಕಾಲಿಡಲಿಲ್ಲ. ಬಾರುಕೋಲು ಬೀಸುವ ಸದ್ದು ಕೇಳಿ ಬಾಗಿಲು ತೆರೆಯಿತು. ಕಾಕು ಬಂದು ಲಗಾಮು ಕೈಗೆ ತೆಗೆದುಕೊಂಡರು. ಅದರ ಕಿವಿಯಲ್ಲಿ ಏನೋ ಅಂದರು, ನಾಲಗೆ ಲೊಚಗುಟ್ಟಿ ತಾವೇ ಮೊದಲು ಟೆಂಪೋ ಹತ್ತಿದರು. ಮೈನಾ ಅವರ ಹಿಂದೆ ಮೆಲ್ಲಗೆ ಹತ್ತಿತು. ಆ ಹೊತ್ತಿನಲ್ಲಿ ಅವರ ಕೈ ಯಾರಿಗೂ ಅಪಶಕುನ ಅನ್ನಿಸಲಿಲ್ಲ. "ಛಲೋ ಆತು ವೈನಿ," ಅಂದ ಮೈದುನ. ನಾನು ಅವನನ್ನು ಕ್ಷಮಿಸಿಲ್ಲ, ಇವತ್ತಿಗೂ.

ಕಾಕು ಅದಾದ ಮೇಲೂ ಕೆಲವು ವರ್ಷ ಇದ್ದರು. ಅಂಗಳದ ಗೂಟ ಕೀಳಲು ಬಿಡಲಿಲ್ಲ. ನಾನು ಶಾಲೆ ಬದಲಿಸಿ ಬೇರೆ ಓಣಿಗೆ ಬಂದೆ, ಹೋಗುವುದು ಕಡಿಮೆಯಾಯಿತು... ಕಳೆದ ವರ್ಷ ಅವರು ಹೋದ ಸುದ್ದಿ ಕೇಳಿ ಓಡಿದಾಗ ಗೋಡೆಯ ಮೇಲೆ ಆಧಾರ್ ಕಾರ್ಡಿನ ಫೋಟೋವನ್ನು ದೊಡ್ಡದು ಮಾಡಿ ಹಾರ ಹಾಕಿದ್ದರು. ಬೆದರಿದ ಕಣ್ಣಿನ ಯಾರೋ ಹೆಂಗಸು, ನಮ್ಮ ಕಾಕು ಅಲ್ಲ. ನಾನು ಭಾಲ್ಕಿಯ ಫೋಟೋಗ್ರಾಫರ್‌ಗೆ ಫೋನು ಹಚ್ಚಿ, ಆ ಬೆಳಗಿನ ಮೂಲ ಫೋಟೋ, ಕಾಕು ಇರುವುದು, ಇದೆಯೇ ಎಂದು ಕೇಳಿದೆ. "ಅಷ್ಟು ಹಳೇದು ಎಲ್ಲಿ ಇಡೋಣ್ರಿ ಮೇಡಮ್? ಅಳಸೇನಿ," ಅಂದ.

ಮೊನ್ನೆ ಸೀರೆಯನ್ನು ತಂತಿಗೆ ಹಾಕಿ ಬಂದು ಮೊಬೈಲು ತೆಗೆದೆ. ಒಂಟಿ ಕುದುರೆಯ ಫೋಟೋವನ್ನು ಬೆರಳಿನಿಂದ ಹಿಗ್ಗಿಸುತ್ತ ಹೋದೆ. ಗುಮ್ಮಟ ಹೋಯಿತು, ಕೆಂಪು ನೆಲ ಹೋಯಿತು, ಕುದುರೆಯ ಕಣ್ಣೂ ಪರದೆಯಿಂದ ಆಚೆ ಸರಿಯಿತು. ಲಗಾಮು ಹಿಡಿದ ನಾಲ್ಕು ಬೆರಳು ಉಳಿದವು. ಉಗುರುಗಳ ಸಂದಿಯಲ್ಲಿ ನೀಲಿ ಇತ್ತು. ಕಾಕುವಿನದೆಂದು ನನ್ನ ಹತ್ತಿರ ಇರುವುದು ಅಷ್ಟೇ.