ಲಗ್ನಪತ್ರಿಕೆಯ ಮೇಲೆ ಗೋವಿಂದಯ್ಯನ ಇಂಗ್ಲಿಷು

ನನ್ನ ಮೈದುನ ಗೋವಿಂದಯ್ಯ ಹೊಳಲ್ಕೆರೆ ಕೋರ್ಟಿನ ಮುಂದೆ ಹುಣಸೆಮರದ ಕೆಳಗೆ ಟೈಪು ಹೊಡೆಯೋನು. ಹಳೇ ಕಾಲದ ಆಸ್ತಿ ಪತ್ರಗಳನ್ನು ನಕಲು ಮಾಡೀ ಮಾಡೀ ಅವನಿಗೆ ಇಂಗ್ಲಿಷಿನ ಮೇಲೆ ಒಂದು ಭಕ್ತಿ ಬಂದುಬಿಟ್ಟಿತ್ತು. ಊಟಕ್ಕೆ ಕುಂತಾಗಲೂ ಯಾವುದೋ ಮಾತು ಹೇಳಿ, "ಇದು ದೊರೆಗಳ ಕಾಲದ್ದು ಅತ್ತಿಗೆ, ಈಗಿನೋರಿಗೆ ಗೊತ್ತಿಲ್ಲ" ಅನ್ನೋನು. ನಾನು ಮೂರನೇ ಕ್ಲಾಸು. ಹೂಂ ಅಂತಿದ್ದೆ.

ನಮ್ಮ ಯಜಮಾನರು ಮೂರ್ತಪ್ಪನೋರು ತೀರಿಕೊಂಡ ಮೇಲೆ ಮನೆ ನಡೆಸಿದೋನು ಅವನೇ. ತೊಂಬತ್ತೇಳರಲ್ಲಿ ಮಗಳು ಹೇಮಾವತಿಗೆ ಹಿರಿಯೂರಿನ ಸಂಬಂಧ ಕೂಡಿಬಂತು. ನಮ್ಮಲ್ಲಿ ಗಂಡ ಸತ್ತೋಳ ಹೆಸರಲ್ಲಿ ಲಗ್ನಪತ್ರಿಕೆ ಮಾಡಿಸೋದಿಲ್ಲ, ಚಿಕ್ಕಪ್ಪನೋ ಸೋದರಮಾವನೋ ಕರೆಯೋದು. ಗೋವಿಂದಯ್ಯ ಒಪ್ಪಲಿಲ್ಲ.

"ಹೆತ್ತೋಳು ಇರುವಾಗ ನಾನ್ಯಾಕೆ ಕರೀಲಿ? ನಿಮ್ಮ ಹೆಸರೇ ಮೊದಲು."

ಹುಡುಗನ ಆಫೀಸಿನೋರಿಗೆ ಅಂತ ಒಂದು ಮಗ್ಗುಲಿಗೆ ಇಂಗ್ಲಿಷಿನಲ್ಲೂ ಅಚ್ಚು ಹಾಕಿಸಿದ. ಅಲ್ಲಿ ನನ್ನ ಹೆಸರಿಗೂ ಯಜಮಾನರ ಹೆಸರಿಗೂ ನಡುವೆ ಒಂದು ಮಾತು ಸೇರಿಸಿದ್ದ: ರೆಲಿಕ್ಟ್. "ಹಳೇ ಪತ್ರದಾಗೆ ದೊಡ್ಡ ಮನೆತನದ ಹೆಣ್ಣುಮಕ್ಕಳಿಗೆ ಬರೆದಿರ್ತಾರೆ. ಧರ್ಮಪತ್ನಿ ಅಂದಂಗೆ" ಅಂದ.

ಪತ್ರಿಕೆ ಹಂಚಿ ಆಗಿತ್ತು. ಹಿರಿಯೂರಿಂದ ಬೀಗರು ಬಂದು ಕುಂತರು. ಜೊತೆಗೆ ಬಂದಿದ್ದ ಕಾಲೇಜು ಮೇಷ್ಟ್ರು ಮೆಲ್ಲಗೆ ಹೇಳಿದರು.

"ಇದು ಹೆಂಡತಿ ಅಂತ ಅಲ್ಲ ಗೋವಿಂದಯ್ಯನೋರೆ, ವಿಧವೆ ಅಂತ. ಹಳೇ ಆಸ್ತಿ ಪತ್ರದಾಗೆ ಬಿಟ್ಟರೆ ಈಗ ಯಾರೂ ಬರೆಯಲ್ಲ."

ಬೀಗಿತಿ ಪತ್ರಿಕೆ ಕೆಳಗಿಟ್ಟರು. "ಅರಿಶಿನ ಹಚ್ಚಿದ ಕಾಗದದ ಮೇಲೆ ಈ ಮಾತೇ? ಅದನ್ನ ಅಳಿಸದೆ ನಾವು ಚಪ್ಪರ ಹಾಕಲ್ಲ."

ಗೋವಿಂದಯ್ಯನ ಕಿವಿ ಕೆಂಪಾದವು. ನಾನು ಅಡಿಗೆಮನೆ ಬಾಗಿಲಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದೆ.

ಮಾರನೇ ದಿನ ಹಂಚಿದ ಪತ್ರಿಕೆಯಲ್ಲೆಲ್ಲ ಆ ಮಾತು ಅಳಿಸೋಕೆ ಗೋವಿಂದಯ್ಯ ಮಸಿ, ಕಡ್ಡಿ ತಗೊಂಡು ಹೊರಟ. ಹೆಣ್ಣಿನ ತಾಯಿಯೂ ಬಂದು ಕೇಳಿಕೊಂಡರೆ ಮರ್ಯಾದೆ ಅಂತ ನನ್ನನ್ನೂ ಕರೆದ. ಬಿ.ದುರ್ಗದಲ್ಲಿ ಮನೆಮನೆ ಹತ್ತಿ ಇಳಿದೆವು. ಆ ಇಂಗ್ಲಿಷು ಓದಿದೋರೇ ಅಲ್ಲಿ ಯಾರೂ ಇರಲಿಲ್ಲ! ಮಸಿ ಕಂಡ ಮೇಲೆ ಕೇಳೋಕೆ ಹತ್ತಿದರು.

"ಏನಪ್ಪ ಐತೆ ಅದ್ರಾಗೆ?"

"ತಪ್ಪು ಬಿದ್ದೈತೆ."

"ಎಂಥ ತಪ್ಪು?"

ಸುಳ್ಳು ಹೇಳಿ ಗೊತ್ತಿಲ್ಲದೋನು, ಹೇಳಿಬಿಡೋನು. ಯತ್ತಪ್ಪ ಅನ್ನೋ ಮುದುಕ ನಕ್ಕ. "ಲೇ, ಅದು ನಮಗೆ ಗೊತ್ತಿಲ್ದಿದ್ದಾ? ಮೂರ್ತಪ್ಪನ ಮಣ್ಣಿಗೆ ನಾನೂ ಬಂದಿದ್ದೆ ಬಿಡೋ." ನಾನು ಅಂಗಳದ ಕಲ್ಲು ನೋಡುತ್ತಾ ನಿಂತೆ.

ತಾಳ್ಯದಲ್ಲಿ ನನ್ನ ದೊಡ್ಡಮ್ಮನ ಮಗಳು ಬೊಮ್ಮಕ್ಕ ಪತ್ರಿಕೆಯನ್ನು ದೇವರ ಗೂಡಲ್ಲಿಟ್ಟು ಹೂವು ಏರಿಸಿದ್ದಳು.

"ದೇವ್ರ ಮುಂದೆ ಇಟ್ಟಿದ್ದಕ್ಕೆ ಮಸಿ ಬಳೀತೀರಾ? ಮುಟ್ಟಾಕೆ ಬಿಡಲ್ಲ. ಕುಂತ್ಕಳ್ರಿ, ಮಜ್ಜಿಗೆ ಕುಡೀರಿ."

ಗೋವಿಂದಯ್ಯ ಜಗಲಿ ಮೇಲೆ ಕುಂತು ಅತ್ತುಬಿಟ್ಟ. ಅಣ್ಣ ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

"ನಿಮ್ಮನ್ನ ಎತ್ತಿ ಕೂರಿಸಾಣ ಅಂತಿದ್ದೆ ಅತ್ತಿಗೆ. ಊರೂರು ತಿರುಗಿಸಿ ವಿಧವೆ ಅಂತ ಸಾರಿಬಿಟ್ಟೆ."

ನನಗೂ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತ್ತು. ಮಜ್ಜಿಗೆ ಲೋಟ ಅವನ ಕೈಗಿಟ್ಟೆ.

ಮದುವೆ ನಿಲ್ಲಲಿಲ್ಲ. ಧಾರೆ ಹೊತ್ತಿಗೆ ಅವನು ಊಟದ ಪಂಕ್ತಿಯಲ್ಲಿ ನೀರಿನ ಜಗ್ಗು ಹಿಡಿದು ಓಡಾಡುತ್ತಿದ್ದ. "ಚಿಕ್ಕಪ್ಪ ಬರದೆ ನಾನು ಕೈ ನೀಡಲ್ಲ" ಅಂತ ಹೇಮಾವತಿ ಹಟ ಹಿಡಿದ ಮೇಲೆ ಬಂದು, ತಲೆ ತಗ್ಗಿಸಿಕೊಂಡೇ ಧಾರೆ ಎರೆದ.

ಆಮೇಲೂ ದಿನಾ ಮನೆಗೆ ಬರೋನು, ಸಾಮಾನು ತಂದುಕೊಡೋನು. ಆದರೆ ಎರಡು ಸಾವಿರದ ಆರರಲ್ಲಿ ಸಾಯೋ ತನಕ ನನ್ನ ಮುಖ ನೋಡಿ ಮಾತಾಡಲಿಲ್ಲ. "ಅತ್ತಿಗೆ, ಎಣ್ಣೆ ಐತಾ?" ಅಂತ ಗೋಡೇನ ಕೇಳೋನು.