ಓದಕ್ಕ ಕೊಟ್ಟ ಫಲಕ

ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕೆಲಸ ಕಲಿಯಲು ಬಂದವರೆಲ್ಲ ಸೇರಿ ಅವಳಿಗೆ ಓದಕ್ಕ ಎಂದು ಹೆಸರಿಟ್ಟಿದ್ದರು. ಎದುರಿಗೆ ಅಕ್ಕ, ಬೆನ್ನ ಹಿಂದೆ ಓದಕ್ಕ. ಫಾರ್ಮಸಿ ಪದವಿ ಮುಗಿಸಿ, ಪುಸ್ತಕಗಳನ್ನೆಲ್ಲ ಅರೆದು ಕುಡಿದವರ ಹಾಗೆ ಬರುತ್ತಿದ್ದ ಆ ಮಕ್ಕಳನ್ನು ಅವಳು ಮೊದಲ ದಿನವೇ ಒಂದನೇ ತರಗತಿಗೆ ಇಳಿಸುತ್ತಿದ್ದಳು. ಕಪಾಟಿನಿಂದ ಮಾತ್ರೆ ತೆಗೆದ ಕೈಯೇ ಅದನ್ನು ರೋಗಿಗೆ ಕೊಡಬಾರದು. ಒಬ್ಬರು ತೆಗೆಯಬೇಕು, ಇನ್ನೊಬ್ಬರು ಅದನ್ನು ಡಾಕ್ಟರ ಚೀಟಿಯ ಪಕ್ಕದಲ್ಲಿಟ್ಟು ಗಟ್ಟಿಯಾಗಿ ಓದಬೇಕು. ಕೊನೆಗೆ ರೋಗಿಯ ಬಾಯಿಂದ ಹೇಳಿಸಬೇಕು: ಇದು ಏನು, ಯಾರಿಗೆ, ಯಾತಕ್ಕೆ. ಮೂರಕ್ಕೂ ಉತ್ತರ ಬರುವ ತನಕ ಮಾತ್ರೆಯ ಮೇಲಿಟ್ಟ ಕೈಯನ್ನು ಅವಳು ತೆಗೆಯುತ್ತಿರಲಿಲ್ಲ.

"ಮಾತ್ರೆ ತಗೊಳ್ಳೋಕೆ ಬಂದಿದ್ದೀವೋ, ಪರೀಕ್ಷೆ ಬರೆಯೋಕೆ ಬಂದಿದ್ದೀವೋ?" ಎಂದು ಸಾಲಿನಲ್ಲಿದ್ದ ಮುದುಕನೊಬ್ಬ ಬಂದಾಗಲೆಲ್ಲ ರೇಗುತ್ತಿದ್ದ.

"ಪಾಸಾದ್ರೆ ಮನೆಗೆ ಹೋಗ್ಬಹುದು ತಾತ. ಹೇಳಿ, ಇದು ಯಾತಕ್ಕೆ?" ಎನ್ನುತ್ತಿದ್ದಳು.

ಹಾಗೆ ಅವಳ ಕೈಕೆಳಗೆ ಪಳಗಿದವರಲ್ಲಿ ಒಬ್ಬ ಬಿಳಿಕೋಟು. ಕೋಟು ಎಲ್ಲರಿಗೂ ಇತ್ತು. ಇವನೊಬ್ಬ ಮಾತ್ರ ಅದನ್ನು ಕ್ಯಾಂಟೀನಿಗೂ ಹಾಕಿಕೊಂಡು ಹೋಗುತ್ತಿದ್ದ, ಬಸ್ಸಿನಲ್ಲೂ ಬಿಚ್ಚುತ್ತಿರಲಿಲ್ಲ. ಯಾರಾದರೂ ಡಾಕ್ಟರೇ ಎಂದು ಕರೆದರೆ ಅಲ್ಲ ಎನ್ನುವ ಗೋಜಿಗೂ ಹೋಗುತ್ತಿರಲಿಲ್ಲ. ಚುರುಕು ಹುಡುಗ, ಮಾತಿನಲ್ಲಿ ಬೆಣ್ಣೆ. ತಂದೆಯಿಲ್ಲದವನನ್ನು ತಾಯಿ ಕಂಡವರ ಮನೆಯ ಪಾತ್ರೆ ತೊಳೆದು ಓದಿಸಿದ್ದಳು. ಓದಕ್ಕನಿಗೆ ಅವನ ಮೇಲೆ ತುಸು ಹೆಚ್ಚೇ ಮಮತೆ. ಮಕ್ಕಳಿಲ್ಲದವಳ ಮಮತೆ ಎಂದು ನರ್ಸುಗಳು ಆಡಿಕೊಂಡದ್ದೂ ಉಂಟು. ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕುವುದಕ್ಕೆ ಯಾವ ಔಷಧಿ ಕಪಾಟಿನಲ್ಲೂ ಏನೂ ಇರುವುದಿಲ್ಲ.

ಒಂದು ದಿನ ಯಾರದೋ ಚೀಟಿಯ ಬರಹ ಯಾರಿಗೂ ತಿಳಿಯಲಿಲ್ಲ. ಡಾಕ್ಟರ ಅಕ್ಷರ, ಬ್ರಹ್ಮ ಬರೆದದ್ದನ್ನಾದರೂ ಓದಬಹುದು. ಕೇಳಿಕೊಂಡು ಬರಲು ಓದಕ್ಕ ಎದ್ದಳು. "ನಾನು ಬರೋವರೆಗೂ ಏನೂ ಕೊಡ್ಬೇಡ" ಎಂದು ಬಿಳಿಕೋಟಿಗೆ ಹೇಳಿ ಹೋದಳು. ಸಾಲು ಬೆಳೆಯಿತು, ಬಯ್ಗುಳ ಶುರುವಾಯಿತು. ಬೈಸಿಕೊಳ್ಳುವುದು ಬಿಳಿಕೋಟಿಗೆ ಯಾವತ್ತೂ ಒಗ್ಗದ ಕೆಲಸ. ಅವನು ತಾನೇ ತೆಗೆದ, ತಾನೇ ಕೊಟ್ಟ, ಓದಲಿಲ್ಲ, ಓದಿಸಲಿಲ್ಲ. ಸಾಲಿನ ಮುಂದೆ ಇದ್ದವಳು ಮಂಡಿನೋವಿಗೆ ಮಾತ್ರೆ ಬೇಕೆಂದು ಬಂದಿದ್ದ ಬಟ್ಟೆ ಹೊಲಿಯುವ ಹೆಂಗಸು. ಅವಳ ಚೀಲಕ್ಕೆ ಬಿದ್ದದ್ದು ಸಕ್ಕರೆ ಕಾಯಿಲೆಯ ಮಾತ್ರೆ. ಎರಡೂ ಒಂದೇ ಕಂಪನಿಯವು, ಒಂದೇ ಬೆಳ್ಳಿಬಣ್ಣದ ಹಾಳೆ, ಅಂಚಿನಲ್ಲಿ ಅದೇ ನೀಲಿ ಗೆರೆ. ಅವುಗಳನ್ನು ಅಕ್ಕಪಕ್ಕ ಜೋಡಿಸಿಟ್ಟವನೂ ಅವನೇ.

ಮಾರನೆಯ ದಿನ ರಕ್ತದ ಸಕ್ಕರೆ ಇಳಿದು ಆ ಹೆಂಗಸು ಹೊಲಿಗೆ ಯಂತ್ರದ ಮೇಲೆಯೇ ಕುಸಿದಳು. ಜೀವ ಉಳಿಯಿತು, ಬುದ್ಧಿ ಮಂದವಾಯಿತು. ಆಮೇಲೆ ಸೂಜಿಗೆ ದಾರ ಪೋಣಿಸುವುದೂ ಅವಳಿಂದ ಆಗಲಿಲ್ಲ.

ವಿಚಾರಣೆ ನಡೆದದ್ದು ದೊಡ್ಡ ಡಾಕ್ಟರ ಕೋಣೆಯಲ್ಲಿ. "ಕೌಂಟರ್ ಯಾರದು?" ಎಂದು ಅವರು ಕೇಳಿದರು. "ನನ್ನದು" ಎಂದಳು ಓದಕ್ಕ. "ಮಾತ್ರೆ ಕೊಟ್ಟಿದ್ದು ಯಾರು?" ಬಾಗಿಲ ಬಳಿ ಬಿಳಿಕೋಟು ನಿಂತಿದ್ದ. ಕೋಟಿನ ಗುಂಡಿಯನ್ನು ಬಿಚ್ಚುತ್ತಿದ್ದ, ಮತ್ತೆ ಹಾಕುತ್ತಿದ್ದ. ಹಿಂದಿನ ಸಂಜೆ ಅವನ ತಾಯಿ ಓದಕ್ಕನ ಮನೆಗೆ ಬಂದು, ಬಾಗಿಲಲ್ಲೇ ಕೂತು ಅತ್ತು ಹೋಗಿದ್ದಳು.

"ನಾನೇ" ಎಂದಳು ಓದಕ್ಕ.

ಅದು ಬರೀ ಕರುಣೆಯಲ್ಲ, ಅದರಲ್ಲಿ ಸ್ವಲ್ಪ ಜಂಬವೂ ಇತ್ತು. ಒಳ್ಳೆಯತನಕ್ಕೂ ಒಂದು ಜಂಬವಿರುತ್ತದೆ, ಇಲ್ಲವೆನ್ನುವವರು ಒಳ್ಳೆಯದು ಮಾಡಿ ನೋಡಿಲ್ಲ. ತಾನು ಗಟ್ಟಿ, ತಡೆದುಕೊಳ್ಳುತ್ತೇನೆ, ಇವನು ಒಂದು ದಿನ ಬಂದು ತಲೆತಗ್ಗಿಸಿ ನಿಂತರೆ ಸಾಕು ಎಂದುಕೊಂಡಿದ್ದಳು. ಉಪ್ಪು ತಿಂದವನು ನೀರು ಕುಡಿಯಬೇಕು ಎನ್ನುತ್ತಾರೆ. ಇಲ್ಲಿ ತಿಂದವನೊಬ್ಬ, ಕುಡಿದವಳು ಇನ್ನೊಬ್ಬಳು.

ಅವಳನ್ನು ಕೌಂಟರಿನಿಂದ ತೆಗೆದು ನೆಲಮಾಳಿಗೆಯ ಗೋದಾಮಿಗೆ ಹಾಕಿದರು. ಅಲ್ಲಿ ರಟ್ಟಿನ ಪೆಟ್ಟಿಗೆಗಳಿದ್ದವು, ಹೊರಡುವ ಸದ್ದು ಮಾಡುತ್ತ ಅಲ್ಲೇ ಇರುವ ಒಂದು ಫ್ಯಾನಿತ್ತು, ಮನುಷ್ಯರಿರಲಿಲ್ಲ. ಕಲಿಯುವವರನ್ನು ಅವಳ ಹತ್ತಿರ ಕಳಿಸುವುದು ನಿಂತಿತು. "ಓದಕ್ಕಾನೇ ಓದದೆ ಕೊಟ್ಟಳಂತೆ" ಎನ್ನುವಾಗ ಜನರ ನಾಲಿಗೆಗೆ ಎಷ್ಟು ರುಚಿ! ಸಂಬಳ ಪಡೆಯುವ ದಿನಗಳೆಲ್ಲ ಮುಗಿಯುವ ತನಕ ಅವಳು ಅಲ್ಲೇ ಇದ್ದಳು.

ಮನೆಯಲ್ಲೂ ಅವಳು ಅದೇ ಸುಳ್ಳು ಹೇಳಿದ್ದಳು. ನಿಜ ಹೇಳಿದ್ದರೆ ಯಜಮಾನರು ಚಪ್ಪಲಿ ಮೆಟ್ಟಿಕೊಂಡು ನೇರ ದೊಡ್ಡ ಡಾಕ್ಟರ ಮನೆಗೆ ಹೋಗುತ್ತಿದ್ದರು. ಅವರು ಗಡಿಯಾರ ರಿಪೇರಿಯವರು, ಸಾಧು ಮನುಷ್ಯ. "ಹೋಗ್ಲಿ ಬಿಡು ಇವಳೇ, ಮನುಷ್ಯರ ಕೈ ತಾನೇ. ನಾನು ಎಷ್ಟು ಗಡಿಯಾರ ಕೆಡಿಸಿಲ್ಲ" ಎಂದರು. ಮತ್ತೆ ಆ ಸುದ್ದಿ ಎತ್ತಲಿಲ್ಲ. ಆದರೆ ಅವತ್ತಿನಿಂದ ಅವಳು ರಕ್ತದೊತ್ತಡದ ಮಾತ್ರೆ ತಂದುಕೊಟ್ಟರೆ, ನೀರು ತರುತ್ತೇನೆಂದು ಅಡುಗೆಮನೆಗೆ ಹೋಗಿ, ಕಿಟಕಿಯ ಬೆಳಕಿಗೆ ಹಿಡಿದು ಹಾಳೆಯ ಮೇಲಿನ ಹೆಸರು ಓದಿಯೇ ನುಂಗುತ್ತಿದ್ದರು. ಅವಳಿಗೆ ಕಾಣುವುದಿಲ್ಲ ಎಂದುಕೊಂಡಿದ್ದರು. ಕೌಂಟರು ಕೈತಪ್ಪಿದ್ದನ್ನೂ ಹೆಸರು ಕೆಟ್ಟದ್ದನ್ನೂ ನುಂಗಿಕೊಂಡಿದ್ದ ಓದಕ್ಕನಿಗೆ ಇದೊಂದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಬಿಳಿಕೋಟು ಮೇಲಕ್ಕೆ ಹೋದ. ಒಂದು ಅಂಗಡಿ ಇಟ್ಟ, ಅದು ಮರಿ ಹಾಕುತ್ತ ಹೋಯಿತು. ಔಷಧಿ ಅಂಗಡಿಯವರ ಸಂಘದ ಅಧ್ಯಕ್ಷನಾದ, ತಾನು ಓದಿದ ಕಾಲೇಜಿಗೆ ಪ್ರಯೋಗಾಲಯ ಕಟ್ಟಿಸಿಕೊಟ್ಟ. ಈ ವರ್ಷ ಕಾಲೇಜಿನವರು ತಮ್ಮಲ್ಲಿ ಓದಿದವರಿಗೆ ಗೌರವ ಫಲಕ ಕೊಡುವ ಪದ್ಧತಿ ಶುರು ಮಾಡಿದರು. ವೃತ್ತಿಯಲ್ಲಿ ನಾಯಕತ್ವ, ಕಿರಿಯರಿಗೆ ಮಾರ್ಗದರ್ಶನ, ಸಮಾಜಕ್ಕೆ ಸೇವೆ: ಈ ಮೂರೂ ಒಬ್ಬನಲ್ಲೇ ಕೂಡಿದ ಪದವೀಧರನಿಗಾಗಿ ಹುಡುಕಿದರಂತೆ. ಹುಡುಕುವವರು ಪ್ರಯೋಗಾಲಯದೊಳಗೇ ಕೂತು ಹುಡುಕಿದ್ದರಿಂದ ಹೆಚ್ಚು ದೂರ ಹೋಗಬೇಕಾಗಲಿಲ್ಲ.

ಫಲಕ ತನಗೆ ಬಂದಿದೆ ಎಂದು ಬಿಳಿಕೋಟೇ ಫೋನ್ ಮಾಡಿದ. "ಅಕ್ಕಾ, ನೀವು ಬರ್ಲೇಬೇಕು. ಅವತ್ತಿನ ವಿಷಯ ಎಲ್ಲರ ಮುಂದೆ ಹೇಳ್ಬೇಕು ಅಂತ ಇದ್ದೀನಿ. ಎಷ್ಟು ದಿನ ಅಂತ ಮನಸ್ಸಲ್ಲೇ ಇಟ್ಕೊಳ್ಳೋದು?"

ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಆದರೆ ಬೆಳಕಿಗಾಗಿ ಕಾದವರು ದೀಪ ಎಲ್ಲಿಟ್ಟಿದ್ದಾನೆ ಎಂದು ನೋಡುವುದಿಲ್ಲ. ಓದಕ್ಕ ಒಳ್ಳೆಯ ಸೀರೆ ತೆಗೆದು ಇಸ್ತ್ರಿ ಮಾಡಿದಳು. "ನೀವೂ ಬನ್ನಿ, ಅವನು ಹೇಳೋದನ್ನ ನೀವು ಕೇಳ್ಬೇಕು" ಎಂದು ಯಜಮಾನರನ್ನು ಹೊರಡಿಸಿದಳು. ಅವನ ಬಾಯಿಂದಲೇ ಅವರ ಕಿವಿಗೆ ಬೀಳಲಿ, ನಾಳೆಯಿಂದ ಕಿಟಕಿಯ ಹತ್ತಿರ ಹೋಗದೆ ಮಾತ್ರೆ ನುಂಗಲಿ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಕಿವಿಯೇ ಕೈಕೊಟ್ಟಿತು. ಜೀವಮಾನವೆಲ್ಲ ಟಿಕ್ ಟಿಕ್ ಕೇಳಿ ಬೇಸತ್ತು ಈಚೆಗೆ ಮಂದವಾಗಿದ್ದ ಯಜಮಾನರ ಕಿವಿಗೆ, ಕೇಳಿಸಲೆಂದು ಒಂದು ಯಂತ್ರ ತಂದಿದ್ದರು. ಜನ ಸೇರಿದ ಕಡೆ ಅದು ಶಿಳ್ಳೆ ಹೊಡೆಯುತ್ತದೆಂದು ಮನೆಯಲ್ಲೇ ಬಿಟ್ಟು ಬಂದಿದ್ದರು. ಸಭಾಂಗಣದಲ್ಲಿ ಕೂತ ಮೇಲೆ ಅವಳಿಗೆ ಗೊತ್ತಾಯಿತು. "ಮುಂದೆ ಕೂತಿದ್ದೀವಲ್ಲ, ಕೇಳ್ಸತ್ತೆ" ಎಂದರು.

ಬಿಳಿಕೋಟು ಈಗ ಕಪ್ಪು ಕೋಟಿನಲ್ಲಿದ್ದ. ಮೈಕಿನ ಮುಂದೆ ನಿಂತು ಕಣ್ಣು ಒದ್ದೆ ಮಾಡಿಕೊಂಡ.

"ನನಗೆ ಕೆಲಸ ಕಲಿಸಿದ ಅಕ್ಕ ಇಲ್ಲೇ ಮುಂದಿನ ಸಾಲಲ್ಲಿ ಕೂತಿದ್ದಾರೆ. ಅವರ ಹೆಸರು ಹೇಳಲ್ಲ. ಅಂಥ ಅಕ್ಕನ ಕೈಯಿಂದಲೂ ಒಂದು ದಿನ ತಪ್ಪಾಯ್ತು. ಓದದೆ ಕೊಟ್ಟ ಒಂದು ಮಾತ್ರೆಯಿಂದ ಒಬ್ಬ ಬಡ ಹೆಂಗಸಿನ ಬಾಳು ಹಾಳಾಯ್ತು. ಎಲ್ಲರೂ ಅಕ್ಕನ್ನ ದೂರಿದ್ರು. ನಾನು ದೂರಲಿಲ್ಲ. ಅವತ್ತೇ ತೀರ್ಮಾನ ಮಾಡ್ದೆ, ನನ್ನ ಅಂಗಡೀಲಿ ಒಬ್ಬರು ತೆಗೀಬೇಕು, ಇನ್ನೊಬ್ಬರು ಓದ್ಬೇಕು, ರೋಗಿ ಬಾಯಿಂದ ಹೇಳಿಸ್ಬೇಕು. ಇವತ್ತು ಆ ಪದ್ಧತಿ ಎಲ್ಲಾ ಅಂಗಡೀಲೂ ಇದೆ."

ಸಭೆ ಚಪ್ಪಾಳೆ ತಟ್ಟಿತು. ತಪ್ಪನ್ನು ಅವಳಿಗೆ ಬಿಟ್ಟು ಪದ್ಧತಿಯನ್ನು ಅವನು ಎತ್ತಿಕೊಂಡಿದ್ದ. ಓದಕ್ಕನ ಪಕ್ಕದಲ್ಲಿ ಯಜಮಾನರು ಎಲ್ಲರಿಗಿಂತ ಜೋರಾಗಿ, ಕೈಗಳನ್ನು ತಲೆಯ ಮೇಲೆತ್ತಿ ತಟ್ಟುತ್ತಿದ್ದರು. ಒಂದಕ್ಷರವೂ ಅವರಿಗೆ ಕೇಳಿಸಿರಲಿಲ್ಲ.

"ಈ ಫಲಕವನ್ನ ಅಕ್ಕನ ಕೈಯಿಂದಲೇ ತಗೊಳ್ಬೇಕು ಅಂತ ನನ್ನಾಸೆ" ಎಂದ ಬಿಳಿಕೋಟು.

ಯಾರೋ ಬಂದು ಮೊಣಕೈ ಹಿಡಿದು ಕರೆದೊಯ್ದರು. ಪ್ರಾಂಶುಪಾಲರು ಅವಳ ಕೈಗೆ ಫಲಕ ಇಟ್ಟರು. ಅವನು ಎರಡೂ ಕೈ ಚಾಚಿದ. ಓದಕ್ಕ ಕೊಡಲಿಲ್ಲ. ಫಲಕದ ಮೇಲೆ ಅಂಗೈ ಊರಿ ನಿಂತಳು.

"ಇದು ಏನು? ಓದಿ ಹೇಳು" ಎಂದಳು.

ಸಭೆಯಲ್ಲಿ ಸಣ್ಣ ನಗು ಹರಿಯಿತು. ಅವನೂ ನಕ್ಕು ಓದಿದ. "ನಾಯಕತ್ವ, ಮಾರ್ಗದರ್ಶನ ಮತ್ತು ಸೇವೆಗಾಗಿ ಗೌರವ ಫಲಕ."

"ಯಾರಿಗೆ?"

"ನನಗೆ ಅಕ್ಕಾ."

"ಯಾತಕ್ಕೆ?"

ಅವನು ಕೌಂಟರಿನ ಮುಂದೆ ಉತ್ತರ ಮರೆತ ರೋಗಿಯ ಹಾಗೆ ಅವಳ ಮುಖ ನೋಡಿದ. ಈಗಲಾದರೂ ಹೇಳುತ್ತಾನೆ ಎಂದು ಅವಳು ಕಾದಳು. ಅವನು ಮೈಕಿನ ಕಡೆ ತಿರುಗಿದ.

"ನೋಡಿ, ಇವತ್ತಿಗೂ ನಮ್ಮಕ್ಕ ನನ್ನ ಬಿಡಲ್ಲ. ಗುರು ಅಂದ್ರೆ ಇವರು" ಎಂದ.

ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಪ್ರಾಂಶುಪಾಲರು ಕಣ್ಣೊರೆಸಿಕೊಂಡರು. ಓದಕ್ಕ ಕೈ ತೆಗೆದಳು. ಮೂರನೆಯದಕ್ಕೆ ಉತ್ತರ ಪಡೆಯದೆ ಅವಳು ಕೊಟ್ಟದ್ದು ಅದೊಂದನ್ನೇ.

ಹೊರಗಿನ ಮೊಗಸಾಲೆಯಲ್ಲಿ ಅವನು ಹಿಂದೆಯೇ ಬಂದ. "ಬೇಜಾರಾಯ್ತಾ ಅಕ್ಕಾ? ನಿಮ್ಮ ಮರ್ಯಾದೆಗೆ ಅಂತಾನೇ ಹೆಸರು ಹೇಳಲಿಲ್ಲ."

"ಮುಂದಿನ ಸಾಲಲ್ಲಿ ಕೂತಿದ್ದಾಳೆ ಅಂತ ಹೇಳಿದೆಯಲ್ಲ, ಇನ್ನು ಹೆಸರು ಯಾಕೆ? ಆ ಮಾತ್ರೆ ಕೊಟ್ಟಿದ್ದು ಯಾರಪ್ಪಾ?"

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಅದೆಲ್ಲ ಯಾಕೀಗ? ನಾನೇ ಕೊಟ್ಟೆ ಅಂತ ಅವತ್ತು ನೀವೇ ತಾನೇ ಹೇಳಿದ್ದು? ನಿಮ್ಮ ಮಾತನ್ನೇ ನಾನು ಹೇಳ್ದೆ. ಹೊಸದಾಗಿ ಏನೂ ಸೇರಿಸಲಿಲ್ಲ." ಅವನ ಮುಖದಲ್ಲಿ ನಾಚಿಕೆಯಿರಲಿಲ್ಲ, ಸ್ವಲ್ಪ ನೊಂದುಕೊಂಡ ಹಾಗೂ ಇತ್ತು. ಉಪಕಾರ ಮಾಡಿ ಬೈಸಿಕೊಂಡವನ ಮುಖ. ಅವಳು ಕೊಟ್ಟ ಸುಳ್ಳನ್ನು ಅವನು ಇಷ್ಟು ವರ್ಷ ಜೋಪಾನವಾಗಿ ಬಳಸಿ ಬಳಸಿ ನಿಜ ಮಾಡಿಕೊಂಡಿದ್ದ. ಯಾರೋ ಫೋಟೋಕ್ಕೆ ಕರೆದರು, ಹೋದ.

ಗೇಟಿನ ಹತ್ತಿರ ಜನ ಕಾರಿಗಾಗಿ ಕಾಯುತ್ತ ಗುಂಪುಗುಂಪಾಗಿ ನಿಂತಿದ್ದರು. ಯಜಮಾನರ ಮುಖ ಅರಳಿತ್ತು.

"ಹುಡುಗ ಬಹಳ ಚೆನ್ನಾಗಿ ಮಾತಾಡ್ದ ಕಣೇ. ನಿನ್ನನ್ನ ಮೇಲೆ ಬೇರೆ ಕರೆದ. ಏನಂದ?"

"ಆ ಮಾತ್ರೆ ಕೊಟ್ಟಿದ್ದು ನಾನಲ್ಲ ರೀ" ಎಂದಳು.

"ಆಂ?"

"ಕೊಟ್ಟಿದ್ದು ನಾನಲ್ಲ."

ಅವರು ಕಿವಿಗೆ ಕೈ ಅಡ್ಡ ಹಿಡಿದು ಬಾಗಿದರು. "ಸ್ವಲ್ಪ ಜೋರಾಗಿ ಹೇಳು."

ಓದಕ್ಕ ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿ ಕೂಗಿದಳು. "ಆ ಹೊಲಿಯೋ ಹೆಂಗಸಿಗೆ ತಪ್ಪು ಮಾತ್ರೆ ಕೊಟ್ಟಿದ್ದು ನಾನಲ್ಲ. ಇವನು. ಇವತ್ತು ಫಲಕ ತಗೊಂಡನಲ್ಲ, ಇವನು."

ಗೇಟಿನಲ್ಲಿ ಮಾತು ನಿಂತಿತು. ಕೆಲವರು ಕೈಗಡಿಯಾರ ನೋಡಿಕೊಂಡರು, ಕೆಲವರು ಫೋನು ತೆಗೆದರು. ಪಾಪ, ವಯಸ್ಸಾಗಿದೆ ಎಂದು ಒಬ್ಬಾಕೆ ಪಕ್ಕದವಳಿಗೆ ಹೇಳಿದಳು. ಕಾರು ಬಂದವರು ಹತ್ತಿಕೊಂಡು ಹೋದರು. ಅಷ್ಟು ಕಿವಿಗಳಲ್ಲಿ ಆ ಮಾತನ್ನು ಒಳಗೆ ಬಿಟ್ಟುಕೊಂಡದ್ದು ಕೆಟ್ಟುಹೋದ ಆ ಎರಡು ಕಿವಿ ಮಾತ್ರ.

ಯಜಮಾನರು ಕಿವಿಯಿಂದ ಕೈ ತೆಗೆದರು. ಆಮೇಲೆ ಅವಳ ಕಡೆ ನೋಡದೆ ಹೇಳಿದರು. "ಇವಳೇ, ನೀನು ಕೊಟ್ಟ ಮಾತ್ರೇನ ನಾನು ಇಷ್ಟು ವರ್ಷ ಕಿಟಕಿಗೆ ಹಿಡಿದು, ಓದಿ, ನುಂಗ್ತಾ ಇದ್ದೆ."

"ಗೊತ್ತು" ಎಂದಳು ಓದಕ್ಕ.

ಇದನ್ನು ಅವಳು ಮೆಲ್ಲಗೆ ಹೇಳಿದಳು. ಆದರೂ ಅವರಿಗೆ ಒಂದೇ ಸಲಕ್ಕೆ ಕೇಳಿಸಿತು.